ಹಸು ಗಬ್ಬ ನಿಲ್ಲುತ್ತಿಲ್ಲವೇ? ಹಾಲು ಬತ್ತಿಸುವ ದಿನದಿಂದ ಲೆಕ್ಕ ಶುರುಮಾಡಿ: ಕೊಡಗಿನ ಕೊಟ್ಟಿಗೆಗೆ ಸಮಗ್ರ ಮಾರ್ಗದರ್ಶಿ

ಮೂರು ಸಲ ಕಡ್ಡಿ (ಕೃತಕ ಗರ್ಭಧಾರಣೆಗೆ ವೀರ್ಯ ತುಂಬಿದ ಸಣ್ಣ ನಳಿಕೆ) ಹಾಕಿಸಿದರೂ ಹಸು ಮತ್ತೆ ಬೆದೆಗೆ ಬರುತ್ತಿದೆ ಎನ್ನುವ ದೂರು ಸೋಮವಾರಪೇಟೆಯಿಂದ ಕುಟ್ಟದವರೆಗೆ ಒಂದೇ. ತಪ್ಪನ್ನು ಹೆಚ್ಚಿನವರು ವೀರ್ಯದಲ್ಲೋ ಹಾಕಿದವರ ಕೈಯಲ್ಲೋ ಹುಡುಕುತ್ತಾರೆ. ನಿಜವಾದ ತಪ್ಪು ಅನೇಕ ಸಲ ಅದಕ್ಕಿಂತ ನಾಲ್ಕು ತಿಂಗಳು ಹಿಂದೆಯೇ ಆಗಿರುತ್ತದೆ.

ಹಸುವಿನ ಅಂಡಕೋಶದಲ್ಲಿ ಒಂದು ಅಂಡ ಪೂರ್ತಿ ಬೆಳೆಯಲು ಸುಮಾರು ಮೂರು ತಿಂಗಳು ಬೇಕು. ಕರು ಹಾಕಿ 70 ದಿನಕ್ಕೆ ಬಿಡುಗಡೆಯಾಗುವ ಅಂಡ ಬೆಳೆಯಲು ಶುರುವಾದದ್ದು ಹಸು ಇನ್ನೂ ತುಂಬು ಗಬ್ಬದಲ್ಲಿದ್ದಾಗ. ಆಗ ಬಾನಿಯಲ್ಲಿ ಏನಿತ್ತು, ಮೈ ಎಷ್ಟು ಇಳಿಯಿತು ಎಂಬುದರ ಫಲ ಈಗ ಸಿಗುತ್ತಿದೆ. ಹೊಟ್ಟೆಯಲ್ಲಿರುವ ಕರುವಿನ ಹಣೆಬರಹವೂ ಅದೇ ದಿನಗಳಲ್ಲಿ ಬರೆದಾಗುತ್ತದೆ. ಹಾಗಾಗಿ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ನಡುವಿನಿಂದ ಹಿಡಿದರೆ ದುಡ್ಡೂ ಹೋಗುತ್ತದೆ, ವರ್ಷವೂ ಹೋಗುತ್ತದೆ.

ಇಲ್ಲಿ ಹೇಳಿದ ಪ್ರಮಾಣಗಳು 350ರಿಂದ 400 ಕೆ.ಜಿ. ತೂಗುವ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಅಥವಾ ಜೆರ್ಸಿ ಮಿಶ್ರತಳಿ ಹಸುವಿಗೆ. ಮಲೆನಾಡು ಗಿಡ್ಡ ಎಂಬ ಸಣ್ಣ ನಾಟಿ ತಳಿಗೆ ಸುಮಾರು ಮೂರನೇ ಒಂದು ಪಾಲು ಸಾಕು, ಕ್ರಮ ಮಾತ್ರ ಅದೇ.

ಕೊಟ್ಟಿಗೆಯಲ್ಲಿ ಇರಲೇಬೇಕಾದ ಸಾಮಾನು

ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಮತ್ತು ಅದಕ್ಕೆ ಕಟ್ಟಿದ ಪೆನ್ನು ಎಲ್ಲಕ್ಕಿಂತ ಮುಖ್ಯ. ಬೆದೆ ಕಂಡ ದಿನ, ಹೊತ್ತು, ಕಡ್ಡಿಯ ಮೇಲಿರುವ ಹೋರಿಯ ನಂಬರು, ಬತ್ತಿಸಿದ ದಿನ, ಕರು ಹಾಕಿದ ದಿನ ಎಲ್ಲವನ್ನೂ ಅದರಲ್ಲೇ ಬರೆಯಿರಿ. ಮೊಬೈಲಿನಲ್ಲಿ ಬರೆದಿಟ್ಟರೆ ಹಾಲು ಕರೆಯುವವರಿಗೆ ಕಾಣುವುದಿಲ್ಲ.

ಜೊತೆಗೆ ಒಂದು ಒಳ್ಳೆಯ ಟಾರ್ಚ್, ದರ್ಜಿಯ ಇಂಚುಪಟ್ಟಿ, ಹಿಂಡಿ ತೂಗಲು ನೇತುಹಾಕುವ ತಕ್ಕಡಿ, ಜ್ವರ ನೋಡುವ ಥರ್ಮಾಮೀಟರ್, ಟಿಂಕ್ಚರ್ ಅಯೋಡಿನ್, ಉದ್ದ ಕೈಗವಸು, ಖನಿಜ ಮಿಶ್ರಣ ಮತ್ತು ಅಯೋಡಿನ್ ಉಪ್ಪು. ‘ಎರಡು ಡಬ್ಬಿ ಹಿಂಡಿ’ ಎಂಬ ಲೆಕ್ಕವನ್ನು ಇಂದೇ ಬಿಡಿ. ಬೂಸಾ ತುಂಬಿದ ಡಬ್ಬಿಗೂ ಹಿಂಡಿ ತುಂಬಿದ ಡಬ್ಬಿಗೂ ತೂಕದಲ್ಲಿ ತುಂಬ ವ್ಯತ್ಯಾಸ ಇರುತ್ತದೆ. ಒಮ್ಮೆ ತೂಗಿ ಡಬ್ಬಿಗೆ ಗೆರೆ ಎಳೆದಿಟ್ಟುಕೊಳ್ಳಿ.

ಹಂತ 1: ಕರು ಯಾವ ತಿಂಗಳಲ್ಲಿ ಬೀಳಬೇಕೆಂದು ಮೊದಲೇ ಗೊತ್ತುಮಾಡಿ

ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಕರು ಹಾಕುವ ಹಸುವೇ ಹೆಚ್ಚಾಗಿ ತೊಂದರೆಗೆ ಸಿಗುತ್ತದೆ. ಹುಲ್ಲು ಒದ್ದೆ, ನೆಲ ಒದ್ದೆ, ಬಿಸಿಲಿಲ್ಲ, ಹೊರಗೆ ಬಿಡುವಂತಿಲ್ಲ. ಗೊರಸು ಕೊಳೆತು ಕುಂಟುವ ಹಸು ಇನ್ನೊಂದರ ಮೇಲೆ ಹತ್ತುವುದೂ ಇಲ್ಲ, ಹತ್ತಿಸಿಕೊಳ್ಳಲು ನಿಲ್ಲುವುದೂ ಇಲ್ಲ. ಬೆದೆ ಬಂದು ಹೋದದ್ದೇ ಗೊತ್ತಾಗುವುದಿಲ್ಲ.

ಕೊಡಗಿಗೆ ಹೊಂದುವುದು ಅಕ್ಟೋಬರಿನಿಂದ ಡಿಸೆಂಬರಿನ ಒಳಗೆ ಕರು ಹಾಕುವ ಲೆಕ್ಕ. ಮಳೆ ಇಳಿದಿರುತ್ತದೆ, ಹಸಿರು ಹುಲ್ಲು ಇರುತ್ತದೆ, ಸುಗ್ಗಿಹಬ್ಬ ಹುತ್ತರಿ ಕಳೆದರೆ ಹೊಸ ಒಣಹುಲ್ಲು ಬರುತ್ತದೆ. ಮತ್ತೆ ಗಬ್ಬ ಕಟ್ಟಿಸುವ ಹೊತ್ತು ಡಿಸೆಂಬರ್–ಫೆಬ್ರವರಿಗೆ ಬೀಳುತ್ತದೆ. ಆಗ ಹಸುವನ್ನು ಹೊರಗೆ ಬಿಟ್ಟು ಬೆದೆ ನೋಡಬಹುದು.

ಲೆಕ್ಕ ಹೀಗೆ: ಗರ್ಭದ ಅವಧಿ ಸುಮಾರು 280 ದಿನ. ಜನವರಿ 10ಕ್ಕೆ ಕಡ್ಡಿ ಹಾಕಿಸಿ ಗಬ್ಬ ನಿಂತರೆ, 220ನೇ ದಿನ ಎಂದರೆ ಆಗಸ್ಟ್ 18ಕ್ಕೆ ಹಾಲು ಬತ್ತಿಸಬೇಕು. ಅಕ್ಟೋಬರ್ 17ರ ಆಸುಪಾಸಿನಲ್ಲಿ ಕರು. ಅಲ್ಲಿಂದ 60 ದಿನ ಬಿಟ್ಟು ಡಿಸೆಂಬರ್ 16ರ ನಂತರದ ಬೆದೆಗೆ ಮತ್ತೆ ಕಡ್ಡಿ. ಈ ನಾಲ್ಕು ತಾರೀಖು ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿರಲಿ.

ಇದರಲ್ಲಿ ಒಂದು ತೊಡಕಿದೆ. ಗಬ್ಬ ಕಟ್ಟಿಸುವ ಹೊತ್ತಿಗೇ ಕಾಫಿ ಕುಯ್ಲು ಬರುತ್ತದೆ. ಮನೆಮಂದಿಯೆಲ್ಲ ತೋಟದಲ್ಲಿರುವಾಗ ಬೆದೆ ತಪ್ಪಿಹೋಗುತ್ತದೆ. ಬೆಳಿಗ್ಗೆ, ರಾತ್ರಿ ಹಸು ನೋಡುವುದು ಯಾರ ಕೆಲಸ ಎಂದು ಕುಯ್ಲು ಶುರುವಾಗುವ ಮುಂಚೆಯೇ ತೀರ್ಮಾನ ಮಾಡಿಕೊಳ್ಳಿ.

ಹಂತ 2: ಮೈಕಟ್ಟಿಗೆ ಕೈಯಿಟ್ಟು ಅಂಕ ಕೊಡಿ

ಕಣ್ಣಿನಲ್ಲಿ ನೋಡಿದರೆ ಸಾಲದು. ಗಬ್ಬದ ಹೊಟ್ಟೆ ದೊಡ್ಡದಾಗಿ ಕಾಣುವುದರಿಂದ ಬಡಕಲು ಹಸುವೂ ಮೈತುಂಬಿದಂತೆ ತೋರುತ್ತದೆ. ಹಸುವಿನ ಹಿಂದೆ ಬಲಪಕ್ಕಕ್ಕೆ ನಿಂತು, ಕೊನೆಯ ಪಕ್ಕೆಲುಬಿಗೂ ಸೊಂಟದ ಗುಬುಟಿಗೂ ನಡುವೆ ಅಡ್ಡಕ್ಕೆ ಚಾಚಿದ ಮೂಳೆಗಳ ಮೇಲೆ ಅಂಗೈ ಇಡಿ. ಹೆಬ್ಬೆರಳು ಮೂಳೆಯ ತುದಿಗೆ ತಾಗಲಿ. ಆಮೇಲೆ ಬಾಲದ ಬುಡದ ಎರಡೂ ಪಕ್ಕ ಬೆರಳಿನಿಂದ ಒತ್ತಿ ನೋಡಿ.

ಮೂಳೆಯ ತುದಿಗಳು ಒಂದೊಂದಾಗಿ ಚೂಪಾಗಿ ತಾಗಿ, ಬಾಲದ ಬುಡದಲ್ಲಿ ಆಳವಾದ ಗುಳಿ ಇದ್ದರೆ ಐದಕ್ಕೆ ಅಂಕ 2. ಸ್ವಲ್ಪ ಒತ್ತಿದಾಗ ಮೂಳೆ ಸಿಕ್ಕಿ, ಗುಳಿ ಅರ್ಧ ತುಂಬಿದ್ದರೆ 3. ಬಲವಾಗಿ ಒತ್ತಿದರೆ ಮಾತ್ರ ಮೂಳೆ ತಿಳಿದು, ಬಾಲದ ಬುಡದಲ್ಲಿ ಕೊಬ್ಬು ಮೆತ್ತಗೆ ಸಿಕ್ಕರೆ 4. ಕರು ಹಾಕುವ ದಿನ ಅಂಕ 3ರಿಂದ 3.5ರೊಳಗೆ ಇರಬೇಕು.

2.5ಕ್ಕಿಂತ ಕಡಿಮೆ ಇದ್ದರೆ ಸರಿಪಡಿಸುವ ಹೊತ್ತು ಬತ್ತಿಸುವ ಮುಂಚಿನ ಎರಡು ಮೂರು ತಿಂಗಳು. ಹಾಲು ಕಡಿಮೆಯಾಗಿರುವ ಆ ದಿನಗಳಲ್ಲಿ ದಿನಕ್ಕೆ ಒಂದು ಕೆ.ಜಿ. ಹಿಂಡಿ ಹೆಚ್ಚು ಕೊಟ್ಟರೆ ಮೈಗೆ ಚೆನ್ನಾಗಿ ಹತ್ತುತ್ತದೆ. ‘ಹೇಗೂ ಹಾಲು ಇಳಿದಿದೆ’ ಎಂದು ಹಿಂಡಿ ಕಡಿಮೆ ಮಾಡುವುದು ಇದಕ್ಕೆ ನೇರ ವಿರುದ್ಧ. ಹಾಗೆ ಮಾಡಿದವರೇ ಆಮೇಲೆ ಹಸು ಬೆದೆಗೆ ಬರುತ್ತಿಲ್ಲ ಎಂದು ಹೇಳುತ್ತಾರೆ.

4 ದಾಟಿದ ಹಸುವನ್ನು ಬತ್ತಿದ ಮೇಲೆ ಉಪವಾಸ ಹಾಕಿ ಇಳಿಸಲು ಹೋಗಬೇಡಿ. ಮೈಯ ಕೊಬ್ಬು ಕರಗಿ ಲಿವರಿಗೆ ಸೇರಿ, ಕರು ಹಾಕಿದ ಮೇಲೆ ಮೇವು ಬಿಡುತ್ತದೆ, ಮಾಸು (ಪ್ಲಾಸೆಂಟಾ) ಬೀಳುವುದಿಲ್ಲ.

ಹಂತ 3: ಮೇವನ್ನು ಸರಿಮಾಡಿ

ಒಣಹುಲ್ಲನ್ನು ನೆಲದಿಂದ ಒಂದೂವರೆ ಅಡಿ ಎತ್ತರದ ಅಟ್ಟಣಿಗೆಯ ಮೇಲೆ, ಗೋಡೆಗೆ ತಾಗದಂತೆ ಒಟ್ಟಿ. ಬೂಷ್ಟು ಹಿಡಿದ ಹುಲ್ಲನ್ನು ಒಣಗಿಸಿ ಕೊಟ್ಟರೂ ವಿಷ ಹೋಗುವುದಿಲ್ಲ. ಬೂಷ್ಟಿನ ಕೆಲವು ವಿಷಗಳು ಹೆಣ್ಣು ಹಾರ್ಮೋನಿನಂತೆ ಕೆಲಸ ಮಾಡುತ್ತವೆ. ಬೆದೆಯಿಲ್ಲದ ಕಡಸಿನ (ಇನ್ನೂ ಕರು ಹಾಕದ ಹಸುವಿನ) ಯೋನಿಯ ತುಟಿ ಊದಿಕೊಂಡಿದ್ದರೆ ಮೊದಲು ಹಿಂಡಿಯ ಚೀಲದೊಳಗೆ ಕೈ ಹಾಕಿ ನೋಡಿ. ಕಡಲೆಕಾಯಿ ಹಿಂಡಿಗೆ ಮಳೆಗಾಲದಲ್ಲಿ ಬೂಷ್ಟು ಬೇಗ ಬರುತ್ತದೆ. ಒಮ್ಮೆಗೆ 15 ದಿನಕ್ಕೆ ಬೇಕಾದಷ್ಟೇ ತನ್ನಿ.

ಹೆಚ್ಚು ಮಳೆ ಬೀಳುವ ಹುಳಿಮಣ್ಣಿನ ಹುಲ್ಲಿನಲ್ಲಿ ಕ್ಯಾಲ್ಸಿಯಂ, ರಂಜಕ ಕಡಿಮೆ. ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಇರುವ ಕ್ಯಾಲ್ಸಿಯಮ್ಮನ್ನೂ ಕಟ್ಟಿಹಾಕುತ್ತದೆ. ಹಸು ಬಟ್ಟೆ, ಚರ್ಮ, ಮೂಳೆ ಅಗಿಯುತ್ತಿದ್ದರೆ ಅದು ರಂಜಕದ ಕೊರತೆಯ ಗುರುತು. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, 30 ಗ್ರಾಂ ಅಯೋಡಿನ್ ಉಪ್ಪು ವರ್ಷವಿಡೀ ತಪ್ಪಬಾರದು. 10 ಲೀಟರಿಗಿಂತ ಹೆಚ್ಚು ಕರೆಯುವ ಹಸುವಿಗೆ ಮಿಶ್ರಣ 75ರಿಂದ 100 ಗ್ರಾಂ. ಗಬ್ಬ ಕಟ್ಟಿಸುವ ತಿಂಗಳಲ್ಲಿ ಮಾತ್ರ ಒಂದು ಪ್ಯಾಕೆಟ್ ತಂದು ಕೊಟ್ಟರೆ ಅಂಡಕ್ಕೆ ಅದು ಮುಟ್ಟುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಬರೀ ಒಣಹುಲ್ಲಿನ ಮೇಲೆ ತಿಂಗಳುಗಟ್ಟಲೆ ಇದ್ದ ಹಸುವಿಗೆ ಎ ಜೀವಸತ್ವದ ಕೊರತೆ ಆಗುತ್ತದೆ. ಕರು ಬಲವಿಲ್ಲದೆ ಹುಟ್ಟುತ್ತದೆ, ಕೆಲವೊಮ್ಮೆ ಕುರುಡಾಗಿಯೂ ಹುಟ್ಟುತ್ತದೆ. ದಿನಕ್ಕೆ ಐದಾರು ಕೆ.ಜಿ. ಹಸಿರಾದರೂ ಬಾನಿಗೆ ಬೀಳಲಿ. ಮರಗಸಿ (ತೋಟದ ನೆರಳುಮರದ ಕೊಂಬೆ ಕಡಿಯುವುದು) ಮಾಡುವಾಗ ಸಿಗುವ ಹಾಲವಾಣದ ಸೊಪ್ಪು, ಬೇಲಿಯ ಗ್ಲಿರಿಸಿಡಿಯ ಒಳ್ಳೆಯ ಮೇವು. ಕಡಿದು ಅರ್ಧ ದಿನ ಬಾಡಿಸಿ, ಒಟ್ಟು ಹಸಿರಿನ ಕಾಲು ಭಾಗ ಮೀರದಂತೆ ಕೊಡಿ.

ಫೆಬ್ರವರಿಯಿಂದ ಮೇ ತನಕ ಹಸಿರು ಕಡಿಮೆಯಾದಾಗ ಯೂರಿಯಾ ಹಾಕಿದ ಹುಲ್ಲು ನೆರವಾಗುತ್ತದೆ. 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ತುಳಿದು, ಗಾಳಿಯಾಡದಂತೆ ಟಾರ್ಪಾಲಿನಿಂದ ಮುಚ್ಚಿ 21 ದಿನ ಇಡಿ. ತೆಗೆದ ಹುಲ್ಲನ್ನು ಒಂದು ಗಂಟೆ ಗಾಳಿಗೆ ಹರಡಿದ ಮೇಲೆಯೇ ಹಾಕಿ. ಆರು ತಿಂಗಳೊಳಗಿನ ಕರುವಿಗೆ ಬೇಡ. ಕರಗಿಸಿದ ಬಕೆಟ್ಟನ್ನು ಹಸು ನೆಕ್ಕುವ ಜಾಗದಲ್ಲಿ ಇಡಬೇಡಿ, ಯೂರಿಯಾ ನೀರು ಕುಡಿದರೆ ಸಾವೇ.

ತೋಟದೊಳಗೆ ಮೇಯಿಸುವವರು ಗಮನಿಸಿ. ಬೋರ್ಡೊ ದ್ರಾವಣ (ಮೈಲುತುತ್ತ, ಸುಣ್ಣದ ಔಷಧ) ಅಥವಾ ಕೀಟನಾಶಕ ಹೊಡೆದ ಸಾಲಿನ ಹುಲ್ಲನ್ನು ಮೂರು ವಾರ ಕೊಯ್ಯಬೇಡಿ. ಲಂಟಾನ ತಿಂದರೆ ಲಿವರ್ ಕೆಡುತ್ತದೆ. ಗುಡ್ಡದ ಜರೀಗಿಡ ತಿಂಗಳುಗಟ್ಟಲೆ ತಿಂದ ಹಸುವಿಗೆ ಮೂತ್ರದಲ್ಲಿ ರಕ್ತ ಬರುತ್ತದೆ. ಹಲಸಿನ ಕಾಲದಲ್ಲಿ ಹಸು ಬಿಚ್ಚಿ ಬಿಡುವುದೂ ಅಪಾಯ. ಹೊಟ್ಟೆ ತುಂಬ ಹಣ್ಣು ತಿಂದರೆ ಹೊಟ್ಟೆಯಲ್ಲಿ ಹುಳಿ ಏರಿ, ಮೆಲುಕು ನಿಂತು, ಗಬ್ಬ ಇದ್ದರೆ ಕರುವೂ ಹೋಗಬಹುದು.

ಹಂತ 4: 60 ದಿನ ಮುಂಚೆ ಹಾಲು ಬತ್ತಿಸಿ

ದಿನಕ್ಕೆ ಎರಡು ಲೀಟರ್ ಬರುತ್ತಿದೆಯಲ್ಲ ಎಂದು ಎಂಟು ತಿಂಗಳು ತುಂಬುವ ತನಕ ಕರೆಯುವವರು ಬಹಳ. ಕರುವಿನ ತೂಕದ ಮೂರನೇ ಎರಡು ಪಾಲು ಬೆಳೆಯುವುದು ಕೊನೆಯ ಮೂರು ತಿಂಗಳಲ್ಲಿ. ಆಗ ಹಾಲನ್ನೂ ಕರೆದರೆ ಕರು ಸಣ್ಣದಾಗುತ್ತದೆ, ಗಿಣ್ಣುಹಾಲು ತೆಳ್ಳಗಾಗುತ್ತದೆ, ಮುಂದಿನ ಸೂಲಿನ ಹಾಲೂ ಇಳಿಯುತ್ತದೆ.

ದಿನಕ್ಕೆ ಐದು ಲೀಟರಿಗಿಂತ ಕಡಿಮೆ ಇದ್ದರೆ ಎರಡು ಮೂರು ದಿನ ಹಿಂಡಿ ನಿಲ್ಲಿಸಿ, ಕೊನೆಯ ಸಲ ಕೆಚ್ಚಲನ್ನು ಪೂರ್ತಿ ಖಾಲಿ ಮಾಡಿ, ಕೆಚ್ಚಲು ಬಾವು ತಡೆಯಲು ಪಶುವೈದ್ಯರು ಕೊಟ್ಟ ಔಷಧದ ಟ್ಯೂಬನ್ನು ನಾಲ್ಕೂ ಮೊಲೆಗೆ ಏರಿಸಿ ಕರೆಯುವುದನ್ನು ಒಮ್ಮೆಗೇ ಬಿಡಿ. ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಹಿಂಡುತ್ತಾ ಹೋದರೆ ಕೆಚ್ಚಲು ಬಾವು ಬರುತ್ತದೆ. ಹೆಚ್ಚು ಹಾಲಿದ್ದರೆ ಮೊದಲು ಒಂದು ವಾರ ಹಿಂಡಿ, ಹಸಿರು ಕಡಿಮೆ ಮಾಡಿ ಹಾಲನ್ನು ಇಳಿಸಿ. ನೀರನ್ನು ಮಾತ್ರ ಎಂದೂ ಕಡಿಮೆ ಮಾಡಬಾರದು.

ಬತ್ತಿದ ಹಸುವಿಗೆ ದಿನಕ್ಕೆ 20 ಕೆ.ಜಿ. ಹಸಿರು, 5 ಕೆ.ಜಿ. ಒಣಹುಲ್ಲು, 1.5ರಿಂದ 1.75 ಕೆ.ಜಿ. ಹಿಂಡಿ ಮಿಶ್ರಣ ಸಾಕು.

ಜಂತುಹುಳದ ಔಷಧ ಕೊಡಲು ಇದೇ ಸರಿಯಾದ ಹೊತ್ತು. ಗದ್ದೆಯಲ್ಲಿ ಮೇದ ಹಸುವಿನ ಗಲ್ಲದ ಕೆಳಗೆ ನೀರು ತುಂಬಿದಂತೆ ಊದಿದ್ದರೆ ಬಸವನಹುಳದ ಮೂಲಕ ಬರುವ ಲಿವರಿನ ಚಪ್ಪಟೆ ಹುಳ ಇರಬಹುದು. ಅದಕ್ಕೆ ಸಾಮಾನ್ಯ ಔಷಧ ನಾಟುವುದಿಲ್ಲ, ಸಗಣಿ ಪರೀಕ್ಷೆ ಮಾಡಿಸಿ ಕೊಡಿಸಿ. ಆಲ್ಬೆಂಡಜೋಲನ್ನು ಗರ್ಭದ ಮೊದಲ ಮೂರು ತಿಂಗಳಲ್ಲಿ ಯಾವ ಕಾರಣಕ್ಕೂ ಕೊಡಬೇಡಿ, ಕರು ಅಂಗವಿಕಲವಾಗಬಹುದು.

ಹಂತ 5: ಕೊನೆಯ ಮೂರು ವಾರ

ಈ 21 ದಿನದಲ್ಲಿ ಹಿಂಡಿಯನ್ನು ನಾಲ್ಕು ದಿನಕ್ಕೊಮ್ಮೆ 250 ಗ್ರಾಂನಷ್ಟು ಏರಿಸುತ್ತಾ 3 ಕೆ.ಜಿ.ಗೆ ತನ್ನಿ. ಕರು ಹಾಕಿದ ಮೇಲೆ ಒಮ್ಮೆಗೇ ಸುರಿದರೆ ಹೊಟ್ಟೆ ತಡೆಯುವುದಿಲ್ಲ.

ಕ್ಯಾಲ್ಸಿಯಂ ಬಾಟಲಿಯನ್ನು ಈಗ ಮುಟ್ಟಬೇಡಿ. ಹಾಲುಜ್ವರ (ಕರು ಹಾಕಿದಾಗ ರಕ್ತದ ಕ್ಯಾಲ್ಸಿಯಂ ಇಳಿದು ಹಸು ಬಿದ್ದುಬಿಡುವ ಕಾಯಿಲೆ) ಬರದಿರಲಿ ಎಂದು ಗಬ್ಬದ ಹಸುವಿಗೆ ದಿನವೂ ಕ್ಯಾಲ್ಸಿಯಂ ಕುಡಿಸುವುದು ಒಳ್ಳೆಯ ಮನಸ್ಸಿನಿಂದ ಮಾಡುವ ತಪ್ಪು. ಹೊರಗಿನಿಂದ ಧಾರಾಳ ಸಿಕ್ಕರೆ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಕೆಲಸವನ್ನು ಮೈ ಮರೆಯುತ್ತದೆ. ಕರು ಹಾಕಿದ ದಿನ ಹಾಲಿಗೆ ಬೇಕಾದಾಗ ಅದು ಒದಗುವುದಿಲ್ಲ. ಬಾಟಲಿ ಕೊಡುವುದಿದ್ದರೆ ಕರು ಹಾಕಿದ ಮೇಲೆ ಕೊಡಿ.

ಹಸುವನ್ನು ಜಾರದ, ಒಣಗಿದ, ತಿರುಗಲು ಜಾಗವಿರುವ ಮೂಲೆಗೆ ಬದಲಿಸಿ. ಕಾಲಡಿಗೆ ಒಣ ತರಗೆಲೆ ಅಥವಾ ಹುಲ್ಲು ದಪ್ಪಗೆ ಹಾಸಿ, ದಿನವೂ ಬದಲಿಸಿ. ಮೈಯಲ್ಲಿ ಉಣ್ಣೆ ಹುಳು ಇದ್ದರೆ ಈಗಲೇ ತೆಗೆಸಿ.

ಹಂತ 6: ಕರು ಹಾಕುವ ದಿನ

ನೀರಿನ ಚೀಲ ಒಡೆದು ಒಂದು ಗಂಟೆಯಾದರೂ ಮುಂದೆ ಹೋಗದಿದ್ದರೆ, ಕಡಸಾದರೆ ಎರಡು ಗಂಟೆ, ಪಶುವೈದ್ಯರನ್ನು ಕರೆಯಿರಿ. ಪಶು ಆಂಬುಲೆನ್ಸಿಗೆ 1962. ಎಳೆಯಲೇಬೇಕಾದರೆ ಉಗುರು ಕತ್ತರಿಸಿ, ಕೈ ತೊಳೆದು, ಹಸು ತಿಣುಕುವಾಗ ಮಾತ್ರ, ಕೆಳಮುಖವಾಗಿ. ನಾಲ್ಕು ಜನ ಸೇರಿ ಹಗ್ಗ ಕಟ್ಟಿ ಎಳೆದ ಹಸು ಮತ್ತೆ ಗಬ್ಬ ಕಟ್ಟುವುದು ಬಹಳ ಕಷ್ಟ.

ಕರುವಿನ ಮೂಗು ಬಾಯಿ ಒರೆಸಿ, ಹೊಕ್ಕುಳನ್ನು ಟಿಂಕ್ಚರ್ ಅಯೋಡಿನ್ನಿನಲ್ಲಿ ಅದ್ದಿ. ಆಮೇಲೆ ಗಿಣ್ಣುಹಾಲು. ತಾಯಿಯ ರೋಗನಿರೋಧಕ ಶಕ್ತಿ ಹಸುಗಳಲ್ಲಿ ಮಾಸಿನ ಮೂಲಕ ಕರುವಿಗೆ ದಾಟುವುದಿಲ್ಲ, ಗಿಣ್ಣಿನಲ್ಲಿ ಮಾತ್ರ ಬರುತ್ತದೆ. ಅದನ್ನು ಹೀರಿಕೊಳ್ಳುವ ಕರುಳಿನ ಬಾಗಿಲು ಗಂಟೆ ಗಂಟೆಗೂ ಮುಚ್ಚುತ್ತಾ ಬಂದು 24 ಗಂಟೆಗೆ ಪೂರ್ತಿ ಮುಚ್ಚುತ್ತದೆ. ಮೊದಲ ಒಂದೆರಡು ಗಂಟೆಯೊಳಗೆ ಎರಡು ಲೀಟರ್, ಹತ್ತು ಹನ್ನೆರಡು ಗಂಟೆಯೊಳಗೆ ಇನ್ನೊಂದು ಒಂದೂವರೆಯಿಂದ ಎರಡು ಲೀಟರ್ ಕುಡಿಸಿ.

ಮಾಸು ಬೀಳುವ ತನಕ ಹಾಲು ಕರೆಯಬಾರದು ಎಂಬ ನಂಬಿಕೆಯಿಂದ ಎಷ್ಟೋ ಕರುಗಳು ಹೋಗಿವೆ. ಕರು ಚೀಪಿದರೆ ಗರ್ಭಕೋಶ ಹಿಂಡಿ ಮಾಸು ಇನ್ನೂ ಬೇಗ ಬೀಳುತ್ತದೆ. ಮನೆಗೆ ಗಿಣ್ಣು ಮಾಡಬೇಕೆಂದರೆ ಎರಡನೇ ದಿನದ ಹಾಲಿನಲ್ಲಿ ಮಾಡಿ.

ಮಾಸು ಸಾಮಾನ್ಯವಾಗಿ ಆರೆಂಟು ಗಂಟೆಯಲ್ಲಿ ಬೀಳುತ್ತದೆ. 12 ಗಂಟೆ ದಾಟಿದರೆ ವೈದ್ಯರಿಗೆ ತಿಳಿಸಿ. ಅದಕ್ಕೆ ಕಲ್ಲು ಕಟ್ಟುವುದು, ಕೈಯಿಂದ ಕಿತ್ತು ತೆಗೆಯುವುದು ಎರಡೂ ಗರ್ಭಕೋಶದ ಒಳಪದರವನ್ನು ಹರಿದುಹಾಕುತ್ತವೆ. ಮುಂದಿನ ಕರು ಅಂಟಿಕೊಳ್ಳಬೇಕಾದ್ದು ಅದೇ ಪದರಕ್ಕೆ.

ಮೂರನೇ ಸೂಲಿನ ನಂತರದ ಹಸು ಮೊದಲ ಮೂರು ದಿನದೊಳಗೆ ಕಿವಿ ತಣ್ಣಗಾಗಿ, ಕತ್ತು ಪಕ್ಕೆಗೆ ತಿರುಗಿಸಿ ಮಲಗಿಬಿಟ್ಟರೆ ಹಾಲುಜ್ವರ. ಬಾಯಿಗೆ ಏನನ್ನೂ ಹೊಯ್ಯಬೇಡಿ, ಶ್ವಾಸಕೋಶಕ್ಕೆ ಹೋಗುತ್ತದೆ. ಎದೆಯ ಮೇಲೆ ಕೂರಿಸಿ ಹುಲ್ಲಿನ ಮೂಟೆ ಒತ್ತಾಗಿ ಕೊಟ್ಟು ವೈದ್ಯರನ್ನು ಕರೆಯಿರಿ. ಬೆಳಗಾಗಲಿ ಎಂದು ಕಾಯುವ ಕಾಯಿಲೆ ಅಲ್ಲ ಇದು.

ಹಂತ 7: ಕರು ಹಾಕಿದ ಮೊದಲ 60 ದಿನ

ಗಬ್ಬ ನಿಲ್ಲುವುದೋ ಇಲ್ಲವೋ ಎಂಬುದು ಇಲ್ಲೇ ತೀರ್ಮಾನವಾಗುತ್ತದೆ. ಹಾಲು ಏರುವ ವೇಗಕ್ಕೆ ಹಸಿವು ಏರುವುದಿಲ್ಲ. ಸಾಲದ್ದನ್ನು ಹಸು ತನ್ನ ಮೈಯಿಂದ ಕರಗಿಸುತ್ತದೆ. ಮೈಕಟ್ಟು ಅರ್ಧ ಅಂಕದಷ್ಟು ಇಳಿದರೆ ತೊಂದರೆ ಇಲ್ಲ. ಒಂದು ಅಂಕಕ್ಕಿಂತ ಹೆಚ್ಚು ಇಳಿದರೆ ಅಂಡಕೋಶ ಕೆಲಸ ನಿಲ್ಲಿಸುತ್ತದೆ, ಬೆದೆ ಬಂದರೂ ಅಂಡದಲ್ಲಿ ಸತ್ವ ಇರುವುದಿಲ್ಲ.

ಹಿಂಡಿಯನ್ನು ಮೂರು ದಿನಕ್ಕೊಮ್ಮೆ ಅರ್ಧ ಕೆ.ಜಿ. ಏರಿಸಿ. ಮೈಗೆ 1.5 ಕೆ.ಜಿ., ಹಾಲಿಗೆ ಪ್ರತಿ 2.5 ಲೀಟರಿಗೆ ಒಂದು ಕೆ.ಜಿ. ಎಂಬುದು ಲೆಕ್ಕ. 12 ಲೀಟರ್ ಹಾಲಿಗೆ 6.3 ಕೆ.ಜಿ. ಆಗುತ್ತದೆ. 3 ಕೆ.ಜಿ.ಯಿಂದ ಅಲ್ಲಿಗೆ ಮುಟ್ಟಲು ಮೂರು ವಾರ ಬೇಕು. ದಿನಕ್ಕೆ ಮೂರು ಹೊತ್ತು ಹಂಚಿ ಕೊಡಿ, ಒಂದು ಹೊತ್ತಿಗೆ ಎರಡೂವರೆ ಕೆ.ಜಿ. ಮೀರದಿರಲಿ. ಅನ್ನ, ಗಂಜಿ ಬಕೆಟ್ಟುಗಟ್ಟಲೆ ಹಾಕಿ ಹಿಂಡಿ ಉಳಿಸಲು ಹೋಗಬೇಡಿ. ಬೇಗ ಹಾಲು ಬರಲಿ ಎಂದು ಬರೀ ಎಣ್ಣೆಕಾಳಿನ ಹಿಂಡಿ ಸುರಿಯುವುದೂ ತಪ್ಪು. ಮೈಯಲ್ಲಿ ಪ್ರೋಟೀನ್ ಅತಿಯಾದರೆ ರಕ್ತದಲ್ಲಿ ಯೂರಿಯಾ ಏರಿ, ಗರ್ಭಕೋಶದಲ್ಲಿ ಭ್ರೂಣ ಉಳಿಯುವುದಿಲ್ಲ. ಜೋಳದ ನುಚ್ಚು, ತೌಡು ಸೇರಿಸಿ ಸಮ ಮಾಡಿ.

ಮೊದಲ ಹತ್ತು ದಿನ ಬೆಳಿಗ್ಗೆ ಜ್ವರ ನೋಡಿ. 101.5 ಡಿಗ್ರಿ ಸಾಮಾನ್ಯ. 103 ದಾಟಿ, ಕೆಳಗಿನಿಂದ ನಾರುವ ಕಂದು ನೀರು ಬರುತ್ತಿದ್ದರೆ ಗರ್ಭಕೋಶಕ್ಕೆ ಸೋಂಕು ತಗುಲಿದೆ. ವಾಸನೆಯಿಲ್ಲದ ಕೆಂಗಂದು ಸ್ರಾವ ಎರಡು ಮೂರು ವಾರ ಬಂದರೆ ಹೆದರಬೇಡಿ. ಹಿಂಡಿ ಬಿಟ್ಟು ಬರೀ ಹುಲ್ಲು ತಿನ್ನುತ್ತಿದ್ದು, ಉಸಿರಿನಲ್ಲಿ ಸಿಹಿ ವಾಸನೆ ಇದ್ದರೆ ಕೀಟೋಸಿಸ್, ಎಂದರೆ ಮೈಕೊಬ್ಬು ಅತಿಯಾಗಿ ಕರಗಿ ಬರುವ ಕಾಯಿಲೆ.

ಕೆಂಪು ಮೂತ್ರ ಕಂಡಾಗ ಒಂದು ಗಾಜಿನ ಬಾಟಲಿಯಲ್ಲಿ ಹಿಡಿದು ಎರಡು ಗಂಟೆ ಅಲ್ಲಾಡಿಸದೆ ಇಡಿ. ಕೆಂಪು ತಳಕ್ಕೆ ಇಳಿದು ಮೇಲೆ ತಿಳಿಯಾದರೆ ಅದು ರಕ್ತ, ಜರೀಗಿಡದ ಮೇಲೆ ಸಂಶಯ ಇರಲಿ. ಇಳಿಯದೆ ಇಡೀ ಬಾಟಲಿ ಕಾಫಿ ಬಣ್ಣದಲ್ಲೇ ಉಳಿದು ಜೋರು ಜ್ವರವೂ ಇದ್ದರೆ ಉಣ್ಣೆಜ್ವರ. ಜ್ವರವಿಲ್ಲದೆ, ಕರು ಹಾಕಿದ ತಿಂಗಳೊಳಗೆ ಬಂದರೆ ರಂಜಕದ ಕೊರತೆ. ಮೂರಕ್ಕೂ ಚಿಕಿತ್ಸೆ ಬೇರೆ ಬೇರೆ. ಆ ಬಾಟಲಿಯನ್ನೇ ವೈದ್ಯರಿಗೆ ತೋರಿಸಿ.

ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು 40 ದಿನ ಬೇಕು. 30 ದಿನಕ್ಕೇ ಬೆದೆ ಕಂಡರೆ ಸಂತೋಷದಿಂದ ತಾರೀಖು ಬರೆದಿಡಿ, ಕಡ್ಡಿ ಹಾಕಿಸಬೇಡಿ.

ಹಂತ 8: ಬೆದೆ ಹಿಡಿಯುವುದು

ಬೆದೆಯ ಗದ್ದಲ ಹೆಚ್ಚಾಗಿ ಸಂಜೆಯಿಂದ ಬೆಳಗಿನ ಜಾವದೊಳಗೆ ನಡೆಯುತ್ತದೆ. ಬೆಳಿಗ್ಗೆ ಐದೂವರೆಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ, ಕೆಲಸವೇನೂ ಇಟ್ಟುಕೊಳ್ಳದೆ 20 ನಿಮಿಷ ನಿಂತು ನೋಡಿ. ರಾತ್ರಿ ಹಸು ಮಲಗಿರುವಾಗ ಹಿಂದಿನ ಚರಂಡಿಗೆ ಟಾರ್ಚ್ ಬಿಡಿ. ಮೊಟ್ಟೆಯ ಬಿಳಿಲೋಳೆಯಂಥ ತಿಳಿ ಎಳೆ ಸಿಮೆಂಟಿನ ಮೇಲೆ ಇಳಿಬಿದ್ದಿರುತ್ತದೆ, ಬಾಲಕ್ಕೂ ಅಂಟಿ ಒಣಗಿ ಹೊಳೆಯುತ್ತದೆ. ಬೆಳಿಗ್ಗೆ ಎದ್ದವರು ಮೊದಲು ನೀರು ಹೊಡೆದು ಕೊಟ್ಟಿಗೆ ತೊಳೆದರೆ ಆ ಗುರುತು ಹೋಯಿತು. ಮೊದಲು ನೋಡಿ, ಆಮೇಲೆ ತೊಳೆಯಿರಿ.

ಬೆಳಿಗ್ಗೆ ಬೆದೆ ಕಂಡರೆ ಅದೇ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಕಡ್ಡಿ. ಬೆದೆ ಮುಗಿದ ಹತ್ತು ಹನ್ನೆರಡು ಗಂಟೆಗೆ ಅಂಡ ಬಿಡುಗಡೆಯಾಗುತ್ತದೆ, ಅದರ ಆಯುಸ್ಸು ಹೆಚ್ಚೆಂದರೆ ಹನ್ನೆರಡು ಗಂಟೆ. ಅಂಬಾ ಎಂದು ಕೂಗಿದ ತಕ್ಷಣ ಫೋನ್ ಮಾಡಿ ಹಾಕಿಸಿದರೆ ವೀರ್ಯ ಮೊದಲೇ ಸಾಯುತ್ತದೆ.

ಲೋಳೆಯಲ್ಲಿ ಬಿಳಿ ಚೂರು, ಕೀವು ಕಂಡರೆ ಆ ಬೆದೆ ಬಿಡಿ, ಮೊದಲು ಚಿಕಿತ್ಸೆ. ಬಾಲದಲ್ಲಿ ರಕ್ತದ ಕಲೆ ಕಂಡರೆ ಬೆದೆ ಒಂದೆರಡು ದಿನ ಹಿಂದೆಯೇ ಮುಗಿದಿದೆ. ಆ ತಾರೀಖಿನಿಂದ 17ನೇ ದಿನಕ್ಕೆ ಮತ್ತೆ ಕಾಯಲು ಶುರುಮಾಡಿ.

ಹಂತ 9: ಅಪ್ಪನ ಕಡೆಯ ಲೆಕ್ಕ

ಕಡ್ಡಿಯ ಮೇಲಿನ ಹೋರಿ ನಂಬರು ಬರೆಯದಿದ್ದರೆ ನಾಲ್ಕು ವರ್ಷದಲ್ಲಿ ಮಗಳಿಗೆ ಅಪ್ಪನದೇ ವೀರ್ಯ ಬೀಳುತ್ತದೆ. ಅಂಥ ಗಬ್ಬ ನಿಲ್ಲುವುದು ಕಡಿಮೆ, ನಿಂತರೂ ಕರು ಗಟ್ಟಿಯಿರುವುದಿಲ್ಲ. ಮಲೆನಾಡು ಗಿಡ್ಡಕ್ಕೆ ಎಚ್‌ಎಫ್ ಕಡ್ಡಿ ಬೇಡವೇ ಬೇಡ. ಕರು ದೊಡ್ಡದಾಗಿ ತಾಯಿ ಜೀವಕ್ಕೇ ಬರುತ್ತದೆ. ಹೆಣ್ಣುಕರುವಿನ ಲಿಂಗ ನಿರ್ಧಾರಿತ ವೀರ್ಯದಲ್ಲಿ ವೀರ್ಯಾಣುಗಳ ಸಂಖ್ಯೆ ತುಂಬ ಕಡಿಮೆ. ಮೈಕಟ್ಟು 3 ಇರುವ, ಮೊದಲ ಸಲದ ಕಡಸಿಗೆ ಅದನ್ನು ಇಟ್ಟುಕೊಳ್ಳಿ.

ಹೋರಿ ಬಿಡಿಸುವವರಿಗೆ: ವೀರ್ಯಾಣು ತಯಾರಾಗಿ ಹೊರಬರಲು ಸುಮಾರು 70 ದಿನ ಹಿಡಿಯುತ್ತದೆ. ಹೋರಿಗೆ ಜ್ವರ ಬಂದರೆ, ಮೇವಿಲ್ಲದೆ ಬಡಕಲಾದರೆ ಎರಡು ತಿಂಗಳು ಅದರ ಮೇಲೆ ಭರವಸೆ ಇಡಬೇಡಿ. ಹಸು ಬಿಡಿಸುವ ಕಾಲಕ್ಕೆ ಎರಡೂವರೆ ತಿಂಗಳು ಮುಂಚಿನಿಂದ ದಿನಕ್ಕೆ 2 ಕೆ.ಜಿ. ಹಿಂಡಿ, 50 ಗ್ರಾಂ ಖನಿಜ ಮಿಶ್ರಣ ಕೊಡಿ, ಬೊಜ್ಜು ಬರಿಸಬೇಡಿ. ಎಳೆ ಹೋರಿಗೆ ವಾರಕ್ಕೆ ಎರಡೇ ಸಲ. ಊರಿಗೆಲ್ಲ ಒಂದೇ ಹೋರಿಯಾದರೆ ಬ್ರುಸೆಲ್ಲಾ (ಗರ್ಭಪಾತ ತರುವ ಸೋಂಕು) ಪರೀಕ್ಷೆ ಮಾಡಿಸದೆ ಬಿಡಬಾರದು.

ಹಂತ 10: ಕಡ್ಡಿ ಹಾಕಿಸಿದ ಮೇಲೆ

ಮೊದಲ 40 ದಿನ ಮೇವು ಬದಲಿಸಬೇಡಿ, ಲಾರಿ ಹತ್ತಿಸಬೇಡಿ. ಗಬ್ಬ ನಿಂತಿತೆಂದು ಹಿಂಡಿ ಇಳಿಸುವುದೂ ಬೇಡ. ಹೊಟ್ಟೆಯಲ್ಲಿರುವುದು ಹೆಣ್ಣುಕರುವಾದರೆ ಅದರ ಅಂಡಕೋಶ, ಅದು ಜೀವಮಾನವಿಡೀ ಬಳಸುವ ಅಂಡಗಳು ತಾಯಿಯ ಹೊಟ್ಟೆಯಲ್ಲೇ ರೂಪುಗೊಳ್ಳುತ್ತವೆ. ಗರ್ಭದ ಮೊದಲ ಮೂರು ತಿಂಗಳು ತಾಯಿ ಅರೆಹೊಟ್ಟೆಯಲ್ಲಿದ್ದರೆ ಮಗಳಲ್ಲಿ ಆ ಅಂಡಗಳ ದಾಸ್ತಾನೇ ಕಡಿಮೆಯಾಗುತ್ತದೆ.

ಹಸು ಮತ್ತೆ ಬೆದೆಗೆ ಬಂದರೆ ದಿನ ಎಣಿಸಿ. 18ರಿಂದ 24 ದಿನಕ್ಕೆ ಬಂದರೆ ಕಡ್ಡಿಯ ಹೊತ್ತು ತಪ್ಪಿದೆ, ಅಥವಾ ಅಂಡವೋ ಭ್ರೂಣವೋ ಮೊದಲ ದಿನಗಳಲ್ಲೇ ಕೆಟ್ಟಿದೆ. 25ರಿಂದ 35 ದಿನಕ್ಕೆ ಬಂದರೆ ಗಬ್ಬ ನಿಂತು ಭ್ರೂಣ ಸತ್ತಿರಬಹುದು. ಬೂಷ್ಟು, ಜ್ವರ, ಮೇವಿನ ಬದಲಾವಣೆ, ಸೋಂಕು ಹುಡುಕಿ. 36ರಿಂದ 48 ದಿನವಾದರೆ ಹೆಚ್ಚಿನ ಸಲ ನಡುವಿನ ಒಂದು ಬೆದೆ ನಿಮ್ಮ ಕಣ್ಣು ತಪ್ಪಿದೆ. ಮೂರು ಸಲ ವಿಫಲವಾದರೆ ನಾಲ್ಕನೇ ಕಡ್ಡಿಗೆ ದುಡ್ಡು ಹಾಕದೆ ಗರ್ಭಕೋಶ ಪರೀಕ್ಷೆ ಮಾಡಿಸಿ.

ಬೆದೆಗೆ ಬಾರದಿದ್ದರೂ 60 ದಿನಕ್ಕೆ ಗಬ್ಬ ಪರೀಕ್ಷೆ ಮಾಡಿಸಲೇಬೇಕು. ಐದು ತಿಂಗಳ ನಂತರ ಕಂದು ಹಾಕಿದರೆ ಬ್ರುಸೆಲ್ಲಾ ಇರಬಹುದು, ಅದು ಮನುಷ್ಯರಿಗೂ ಹರಡುತ್ತದೆ. ಬಿದ್ದ ಕಂದನ್ನು ಬರಿಗೈಯಲ್ಲಿ ಮುಟ್ಟದೆ, ನಾಯಿಗೆ ಸಿಗದಂತೆ, ಸುಣ್ಣ ಹಾಕಿ ಆಳವಾಗಿ ಹೂಳಿ.

ಹಂತ 11: ಹುಟ್ಟಿದ ಹೆಣ್ಣುಕರುವನ್ನು ಕಡಸಾಗಿಸುವುದು

ತಾಯಿಯ ಮೈಯಲ್ಲಿ ಅಡಗಿರುವ ದುಂಡುಹುಳದ ಮರಿಗಳು ಹಾಲಿನ ಮೂಲಕ ಕರುವಿಗೆ ಬರುತ್ತವೆ. ಮೊದಲ ಜಂತು ಔಷಧ 10ರಿಂದ 15ನೇ ದಿನಕ್ಕೆ ಕೊಡಿ, ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ಹಾಲು ದಿನಕ್ಕೆ ಮೈತೂಕದ ಹತ್ತನೇ ಒಂದು ಪಾಲು, ಎರಡನೇ ವಾರದಿಂದ ಒಂದು ಹಿಡಿ ಕರುಗಳ ಹಿಂಡಿ. ಬ್ರುಸೆಲ್ಲಾ ಲಸಿಕೆ ಹೆಣ್ಣುಕರುವಿಗೆ 4ರಿಂದ 8 ತಿಂಗಳೊಳಗೆ, ಜೀವನದಲ್ಲಿ ಒಮ್ಮೆ.

ಕಡಸಿಗೆ ಕಡ್ಡಿ ಹಾಕಿಸುವಾಗ ವಯಸ್ಸಿಗಿಂತ ತೂಕ ಮುಖ್ಯ. ಇಂಚುಪಟ್ಟಿಯಿಂದ ಮುಂಗಾಲಿನ ಹಿಂದೆ ಎದೆಯ ಸುತ್ತಳತೆ, ಆಮೇಲೆ ಭುಜದ ಗುಬುಟಿನಿಂದ ಪೃಷ್ಠದ ಮೂಳೆಯ ತುದಿಯವರೆಗಿನ ಉದ್ದ ಅಳೆಯಿರಿ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಕೆ.ಜಿ. ತೂಕ ಸಿಗುತ್ತದೆ. ಸುತ್ತಳತೆ 60 ಇಂಚು, ಉದ್ದ 48 ಇಂಚು ಇದ್ದರೆ ಸುಮಾರು 262 ಕೆ.ಜಿ. ಮಿಶ್ರತಳಿ ಕಡಸಿಗೆ 250 ಕೆ.ಜಿ. ದಾಟಿದರೆ ಸಾಕು, ಚೆನ್ನಾಗಿ ಸಾಕಿದರೆ 15ರಿಂದ 18 ತಿಂಗಳಿಗೆ ಅಲ್ಲಿಗೆ ಮುಟ್ಟುತ್ತದೆ. 220 ಕೆ.ಜಿ.ಗೇ ಬೆದೆಗೆ ಬಂದರೆ ತಾರೀಖು ಬರೆದಿಟ್ಟು, ದಿನದ ಹಿಂಡಿಗೆ ಅರ್ಧ ಕೆ.ಜಿ. ಸೇರಿಸಿ, ತಿಂಗಳಿಗೊಮ್ಮೆ ಅಳೆಯುತ್ತಾ ಕಾಯಿರಿ.